ಅಮೆರಿಕದ ಜೊತೆ ಅಷ್ಟು ದೊಡ್ಡ ಯುದ್ಧ ಮಾಡಿದ ವಿಯೆಟ್ನಾಂ ಜನ ಪಾಶ್ಚಾತ್ಯರ ಜೊತೆ ಇಷ್ಟು ಸಲೀಸಾಗಿ ಬೆರೆಯುವುದು ಹೇಗೆ?

ಒಂದು ಕಾರಣ ವಯಸ್ಸು. ಯುದ್ಧ ಮುಗಿದದ್ದು 1975ರಲ್ಲಿ. ಈಗ ಅಲ್ಲಿ ಆಮೇಲೆ ಹುಟ್ಟಿದವರೇ ಜಾಸ್ತಿ. ಅವರಿಗೆ ಯುದ್ಧ ಅಂದರೆ ಅಜ್ಜ ಹೇಳಿದ ಕಥೆ. ಇನ್ನೊಂದು ಹೊಟ್ಟೆಪಾಡು. 1986ರ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆಯಿತು. 1995ರಲ್ಲಿ ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧವೂ ಶುರುವಾಯಿತು.

ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ಹೊರಗಿನದನ್ನು ತಮ್ಮದಾಗಿಸಿಕೊಳ್ಳುವುದು ಅವರಿಗೆ ಹಳೇ ಅಭ್ಯಾಸ. ಅವರ ಲಿಪಿಯನ್ನೇ ನೋಡಿ. 17ನೇ ಶತಮಾನದಲ್ಲಿ ಯುರೋಪಿನ ಪಾದ್ರಿಗಳು ರೂಪಿಸಿದ ರೋಮನ್ ಬರಹ ಅದು. ಮುಂದೆ ತಮ್ಮನ್ನು ಆಳುತ್ತಿದ್ದ ಫ್ರೆಂಚರ ವಿರುದ್ಧದ ಹೋರಾಟಕ್ಕೂ ಅದೇ ಬರಹ ಒದಗಿತು! ಅಲ್ಲಿನ ಸ್ಯಾಂಡ್‌ವಿಚ್ ಬಾನ್ ಮಿ ತಗೊಳ್ಳಿ. ಬ್ರೆಡ್ಡು ಫ್ರೆಂಚರಿಂದ ಬಂದದ್ದು, ಒಳಗಿನ ಹುಳಿ ಮೂಲಂಗಿ, ಕೊತ್ತಂಬರಿ, ಮೆಣಸಿನಕಾಯಿ ಇವರದ್ದೇ ರುಚಿ. ಕಾಫಿಯೂ ಹಾಗೇ. ಗಿಡ ತಂದವರು ಫ್ರೆಂಚರು. ತಾಜಾ ಹಾಲು ಸಿಗುವುದು ಕಷ್ಟವಿತ್ತು, ಅದಕ್ಕೇ ಡಬ್ಬಿಯ ಸಿಹಿ ಹಾಲು ಸೇರಿತು. ಲೋಟದ ತಳದಲ್ಲಿ ದಪ್ಪ ಹಾಲು, ಮೇಲಿನ ಪುಟ್ಟ ಫಿಲ್ಟರ್‌ನಿಂದ ತೊಟ್ಟು ತೊಟ್ಟಾಗಿ ಇಳಿಯುವ ಡಿಕಾಕ್ಷನ್. ನಮ್ಮ ಫಿಲ್ಟರ್ ಕಾಫಿಗೆ ದೂರದ ನೆಂಟ ಅಲ್ವಾ?

ಹಾಗಂತ ಎಲ್ಲವನ್ನೂ ಬಿಟ್ಟುಕೊಟ್ಟಿಲ್ಲ. ಅಧಿಕಾರ ಇವತ್ತಿಗೂ ಒಂದೇ ಪಕ್ಷದ ಕೈಯಲ್ಲಿದೆ. ವರ್ಷವಿಡೀ ಇಂಗ್ಲಿಷ್ ಪಾಪ್ ಕೇಳುವ ಹುಡುಗಿಯೂ ಹೊಸ ವರ್ಷದ ‘ತೆತ್’ ಹಬ್ಬಕ್ಕೆ ಊರಿಗೆ ಹೋಗಿ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚುತ್ತಾಳೆ.