ಓದುಗರ ಪ್ರಶ್ನೆ: ಬಿಸಿಲು ಏರುವ ಮೊದಲೇ ಘಟ್ಟ ದಾಟುವುದೇಕೆ?

ಪ್ರಶ್ನೆ: ರಾಣಿಪುರಂ, ಕುಮಾರಪರ್ವತಗಳನ್ನು ಹತ್ತಿರುವ ನಾವು ಐವರು ಮೇ ಕೊನೆಯಲ್ಲಿ ಹಿಮಾಲಯದ ರೂಪಿನ್ ಪಾಸ್ ಚಾರಣ ಮಾಡಬೇಕೆಂದಿದ್ದೇವೆ. ಘಟ್ಟ ದಾಟುವ ದಿನ ನಸುಕಿನ 3 ಗಂಟೆಗೇ ಹೊರಡಬೇಕೆಂದು ಆಯೋಜಕರು ಹೇಳುತ್ತಾರೆ. ಹಿಮಕುಸಿತ ಚಳಿಗಾಲದ ಸಂಗತಿಯಲ್ಲವೇ? ಸಿಯಾಚಿನ್‌ನಲ್ಲಿ ಯೋಧ ಹನುಮಂತಪ್ಪ ಕೊಪ್ಪದ ಅವರು ಹಿಮದಡಿ ದಿನಗಟ್ಟಲೆ ಬದುಕಿದ್ದರಲ್ಲ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಚಳಿಗಾಲದಲ್ಲಿ ಹೊಸದಾಗಿ ಬಿದ್ದ ಅಥವಾ ಗಾಳಿ ತಂದು ಪೇರಿಸಿದ ಹಿಮವು ಕೆಳಗಿನ ದುರ್ಬಲ ಪದರದ ಮೇಲಿಂದ ಹಲಗೆಯಂತೆ ಕಳಚಿಕೊಳ್ಳುವುದು ಹೆಚ್ಚು, ವಸಂತದಲ್ಲಿ ಆ ಕೆಲಸವನ್ನು ನೀರು ಮಾಡುತ್ತದೆ. ಬಿಸಿಲಿಗೆ ಕರಗಿದ ನೀರು ಹಿಮದ ಕಣಗಳ ನಡುವೆ ಇಳಿದು ಅವುಗಳ ಬೆಸುಗೆಯನ್ನು ಸಡಿಲಿಸುತ್ತದೆ, ಗಟ್ಟಿ ಪದರವೋ ನುಣುಪು ಬಂಡೆಯೋ ಸಿಕ್ಕಿದಲ್ಲಿ ತಡೆದು ನಿಲ್ಲುತ್ತದೆ, ಆಗ ಮೇಲಿನ ಭಾರವೆಲ್ಲ ಜಾರುತ್ತದೆ. ಆಟಿಯ ಮಳೆಗೆ ಮುರಕಲ್ಲಿನ ಗುಡ್ಡ ಜರಿಯುವುದನ್ನು ಕಂಡ ನಿಮಗೆ ಇದು ತೀರ ಹೊಸದೆನಿಸಲಾರದು. ಆದರೆ ನಮ್ಮ ಗುಡ್ಡ ನೆನೆಯಲು ದಿನಗಟ್ಟಲೆ ಮಳೆ ಬೇಕು, ಹಿಮದ ಇಳಿಜಾರಿಗೆ ಕೆಲವು ಗಂಟೆಗಳ ಬಿಸಿಲು ಸಾಕು.

ಆದುದರಿಂದ ಹೊರಡುವ ಗಂಟೆಗಿಂತಲೂ ಹಿಂದಿನ ರಾತ್ರಿಯ ಆಕಾಶ ಮುಖ್ಯ. ನಿರಭ್ರ ರಾತ್ರಿಯಲ್ಲಿ ಹಿಮವು ತನ್ನ ಶಾಖವನ್ನು ಕಳೆದುಕೊಂಡು ಮತ್ತೆ ಹೆಪ್ಪುಗಟ್ಟುತ್ತದೆ, ಬೆಳಗಿನವರೆಗೆ ಸಿಮೆಂಟಿನಂತೆ ನಿಲ್ಲುತ್ತದೆ. ಮೋಡ ಮುಚ್ಚಿದ ರಾತ್ರಿ ಊರಿನಲ್ಲಿ ಸೆಕೆ ಇಳಿಯದಿರುವಂತೆ ಅಲ್ಲಿಯೂ ಶಾಖ ಉಳಿದುಬಿಡುತ್ತದೆ. ಅಂಥ ರಾತ್ರಿಯ ಮರುದಿನ, ಅದರಲ್ಲೂ ಹಿಮದ ಮೇಲೆ ಮಳೆ ಬಿದ್ದಿದ್ದರೆ, 3 ಗಂಟೆಗೆ ಹೊರಟರೂ ಸುರಕ್ಷಿತವೆನ್ನಲಾಗದು. ಹೆಪ್ಪುಗಟ್ಟದಿದ್ದರೆ ಶಿಬಿರದಲ್ಲೇ ಉಳಿಯುತ್ತೀರಾ ಎಂದು ಆಯೋಜಕರನ್ನು ಕೇಳಿ. ಆ ಉತ್ತರದಿಂದಲೇ ಅವರನ್ನು ಅಳೆಯಬಹುದೆಂದು ನನ್ನ ಅಭಿಪ್ರಾಯ.

ಹಿಮಕುಸಿತಗಳಲ್ಲಿ ಹೆಚ್ಚಿನವು ಹುಟ್ಟುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ರೂಪಿನ್ ಪಾಸ್‌ನ ತುದಿಗೆ ಮುನ್ನ ಸಿಗುವ ಹಿಮದ ಕೊರಕಲು ಕಡಿದಾದದ್ದು, ಮೇಲಿನಿಂದ ಉರುಳುವ ಕಲ್ಲಿಗೂ ಅದೇ ದಾರಿ. ಬೆಳಗಿನ ಬಿಸಿಲು ಮೊದಲು ಮುಟ್ಟುವುದು ಪೂರ್ವದ ಮುಖಗಳನ್ನು, ಆಮೇಲೆ ದಕ್ಷಿಣದವನ್ನು, ಸಂಜೆಗೆ ಪಶ್ಚಿಮದವನ್ನು. ಬೂಟು ಕಣಕಾಲಿನವರೆಗೆ ಹೂತರೆ, ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಅಲ್ಲಿ ತಡಮಾಡಬಾರದು. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಅವರನ್ನೇ ನೋಡುತ್ತಿರಬೇಕು. ಕೂಗಿದರೆ ಹಿಮ ಕುಸಿಯುತ್ತದೆಂಬುದು ಸಿನಿಮಾದ ಮಾತು. ಕುಸಿತವನ್ನು ಕೆರಳಿಸುವುದು ನಡೆಯುವವರ ಭಾರ.

2016ರ ಫೆಬ್ರವರಿಯಲ್ಲಿ ಹನುಮಂತಪ್ಪ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದ್ದು ನಿಜ, ಆದರೆ ಮೂರು ದಿನಗಳಲ್ಲಿ ಅವರು ತೀರಿಕೊಂಡರು. ಅದು ತೀರ ಅಪರೂಪದ ಪ್ರಸಂಗ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷಗಳ ಅನಂತರ ಬಹು ಬೇಗ ಕುಸಿಯುತ್ತದೆ. ಮುಖ್ಯ ಕಾರಣ ಉಸಿರುಕಟ್ಟುವುದು. ಹೊರಗಿನ ರಕ್ಷಣಾ ತಂಡ ಅಷ್ಟರಲ್ಲಿ ತಲುಪದು, ಅಗೆಯಬೇಕಾದವರು ಜೊತೆಯವರೇ. ಅದಕ್ಕೆ ಪ್ರತಿಯೊಬ್ಬರ ಮೈಮೇಲೆ ಸಂಕೇತ ಕಳುಹಿಸುವ ಟ್ರಾನ್ಸ್‌ಸೀವರ್, ಚೀಲದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಸರಳು ಮತ್ತು ಸಲಿಕೆ ಇರಬೇಕು. ಇವನ್ನು ಕೊಟ್ಟು ಬಳಸಲು ಕಲಿಸುತ್ತಾರೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.