ಓದುಗರ ಪ್ರಶ್ನೆ, ನಮ್ಮ ಉತ್ತರ: ಜಮಖಂಡಿಯ ಗ್ರಹಣ, ಮಿಜೋರಾಂನ ಬಿದಿರು ಮತ್ತು ಇನ್ನೂ ಕೆಲವು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. ಎಲ್ಲೋ ಒಂದು ಸಾಲು ಓದಿದ್ದಾರೆ, ಆಶ್ಚರ್ಯ ಆಗಿದೆ, "ಇದು ನಿಜವಾ?" ಅಂತ ಕೇಳಿದ್ದಾರೆ. ಕೇಳಿದ್ದು ಒಳ್ಳೆಯದಾಯಿತು. ಇಂಥ ಒಂದು ಸಾಲಿನ ಸಂಗತಿಗಳಲ್ಲಿ ಅರ್ಧ ಮಾತ್ರ ನಿಜ ಇರುತ್ತದೆ, ನನಗಂತೂ ಬಿಟ್ಟುಹೋದ ಅರ್ಧವೇ ಜಾಸ್ತಿ ಇಷ್ಟ. ಎರಡು ಪ್ರಶ್ನೆಗಳಿಗೆ ಉತ್ತರ ಉದ್ದವಾಗಿದೆ, ಚಿಕ್ಕದು ಮಾಡಲು ಮನಸ್ಸು ಬರಲಿಲ್ಲ.

ಬಲೂನಿಗೆ ತುಂಬುವ ಹೀಲಿಯಂ ಅನಿಲವನ್ನು ಆಂಧ್ರದ ಗುಂಟೂರಿನಲ್ಲಿ ಕಂಡುಹಿಡಿದರು ಅಂತ ಮಗಳ ಕ್ವಿಜ್ ಪುಸ್ತಕದಲ್ಲಿದೆ. ಹೌದಾ? (ರಾಯಚೂರಿನ ಓದುಗರು)

ಗುಂಟೂರಿನ ಹೆಸರು ಬರುವುದು ಸರಿ. ಆದರೆ ಅನಿಲ ಅಲ್ಲಿನ ನೆಲದಲ್ಲಿ ಸಿಕ್ಕಿದ್ದಲ್ಲ. ಸಿಕ್ಕಿದ್ದು ಸೂರ್ಯನಲ್ಲಿ. ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲದ ಒಂದು ಧಾತುವನ್ನು ಮನುಷ್ಯರು ಮೊದಲು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ ನೋಡಿದರು, ಇಲ್ಲಿ ಅದು ಕೈಗೆ ಬರಲು ಮತ್ತೆ 27 ವರ್ಷ ಬೇಕಾಯಿತು.

1868ರ ಆಗಸ್ಟ್ 18ರಂದು ನಮ್ಮ ಕಡೆ ಖಗ್ರಾಸ ಸೂರ್ಯಗ್ರಹಣ. ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಕತ್ತಲು. ಅದಕ್ಕಾಗಿ ಯುರೋಪಿನಿಂದ ಜನ ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ಬಂದರು. ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟ. ಪುಸ್ತಕಗಳು ಇಲ್ಲಿಗೇ ಕತೆ ಮುಗಿಸುತ್ತವೆ. ಆ ನೆರಳು ಗುಂಟೂರಿಗೆ ಹೋಗುವ ಮೊದಲು ನಮ್ಮ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು ಅನ್ನುವುದು ಎಷ್ಟು ಜನರಿಗೆ ಗೊತ್ತು? ಜಮಖಂಡಿಯಲ್ಲಿ ದೂರದರ್ಶಕ ಇಟ್ಟುಕೊಂಡು ಕೂತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್ ಇದ್ದಾನಲ್ಲ, ಅವನ ಮೊಮ್ಮಗ. ಆಗಸ್ಟ್ ತಿಂಗಳು ಅಂದರೆ ಗೊತ್ತಲ್ಲ, ಮೋಡ. ಗ್ರಹಣ ನಡೆಯುತ್ತಿದ್ದಾಗಲೇ ಮೋಡ ಅಡ್ಡ ಬಂತು. ಆದರೂ ಸಿಕ್ಕ ಸಂದಿನಲ್ಲೇ ಅವನಿಗೆ ಬೇಕಾದ್ದು ಕಂಡಿತು.

ಏನು ಕಂಡಿತು? ಗ್ರಹಣದ ಹೊತ್ತಿಗೆ ಸೂರ್ಯನ ಅಂಚಿನಲ್ಲಿ ಕೆಂಪು ನಾಲಗೆಯಂಥ ಜ್ವಾಲೆಗಳು ಕಾಣುತ್ತವೆ. ಅವು ಏನು ಅಂತ ಆಗ ಯಾರಿಗೂ ಖಚಿತ ಇರಲಿಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಹಿಡಿದು ನೋಡಿದರೆ ಆ ಜ್ವಾಲೆಯ ಬೆಳಕು ಕಾಮನಬಿಲ್ಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರಲಿಲ್ಲ, ಬಿಡಿಬಿಡಿ ಹೊಳೆಯುವ ಗೆರೆಗಳಾಗಿತ್ತು. ಹಾಗಿದ್ದರೆ ಅದು ಕಾದ ಅನಿಲ ಅಂತ ಅರ್ಥ. ಪ್ರತಿ ಧಾತುವಿಗೂ ಅದರದೇ ಗೆರೆಗಳಿರುತ್ತವೆ. ನಿಮ್ಮ ಅಡುಗೆಮನೆಯ ಒಲೆಯ ಉರಿಗೆ ಚಿಟಿಕೆ ಉಪ್ಪು ಉದುರಿಸಿ ನೋಡಿ, ಉರಿ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಬಣ್ಣ. ಸೂರ್ಯನ ಜ್ವಾಲೆಯಲ್ಲೂ ಒಂದು ಹಳದಿ ಗೆರೆ ಇತ್ತು. ಎಲ್ಲರೂ ಮೊದಲು ಅದನ್ನು ಸೋಡಿಯಂ ಅಂತಲೇ ಅಂದುಕೊಂಡರು. ಆದರೆ ಅದು ಸೋಡಿಯಂ ಗೆರೆ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಕೂದಲೆಳೆಯಷ್ಟು ಪಕ್ಕದಲ್ಲಿತ್ತು. ಮಚಲೀಪಟ್ಣದಿಂದ ನೋಡಿದ ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಈ ವ್ಯತ್ಯಾಸ ಗಮನಿಸಿದ್ದ.

ಜಾನ್ಸೆನ್‌ನ ನಿಜವಾದ ಸಾಧನೆ ಬೇರೆ. ಆ ಗೆರೆಗಳು ಎಷ್ಟು ಪ್ರಖರ ಅಂದರೆ ಗ್ರಹಣ ಇಲ್ಲದೆಯೂ ಕಾಣಬೇಕು ಅಂತ ಅವನಿಗೆ ಆ ಕ್ಷಣವೇ ಹೊಳೆಯಿತು. ಮರುದಿನ ಬೆಳಗ್ಗೆ ಎದ್ದು ನೋಡಿದ. ಕಂಡವು! ಅಲ್ಲಿಯವರೆಗೆ ಈ ಜ್ವಾಲೆಗಳನ್ನು ನೋಡಲು ಗ್ರಹಣಕ್ಕಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಇನ್ನು ಮುಂದೆ ದಿನಾ ನೋಡಬಹುದು. ಇದನ್ನು ಪತ್ರದಲ್ಲಿ ಬರೆದು ಪ್ಯಾರಿಸ್ಸಿಗೆ ಕಳಿಸಿದ. ಪತ್ರ ಹಡಗಿನಲ್ಲಿ ಹೋಗಬೇಕಲ್ಲ, ಅದು ತಲುಪುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ತನ್ನಷ್ಟಕ್ಕೇ ಅದೇ ಉಪಾಯ ಕಂಡುಕೊಂಡಿದ್ದ. ಇಬ್ಬರ ಪತ್ರವನ್ನೂ ಫ್ರೆಂಚ್ ವಿಜ್ಞಾನ ಅಕಾಡೆಮಿ ಒಂದೇ ದಿನ ಓದಿತು. ಯಾರು ಮೊದಲು ಅಂತ ಜಗಳ ಆಗಲಿಲ್ಲ. ಇಬ್ಬರ ಮುಖವನ್ನೂ ಒಟ್ಟಿಗೆ ಕೆತ್ತಿ ಫ್ರಾನ್ಸ್ ಒಂದು ಪದಕ ಹೊರಡಿಸಿತು. ಹಳದಿ ಗೆರೆಯನ್ನು ಹಿಡಿದು, ಇದು ಹೊಸ ಧಾತು ಅಂತ ವಾದಿಸಿದವನು ಲಾಕಿಯರ್. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯೋಸ್ ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಬಹಳ ಜನ ನಂಬಲಿಲ್ಲ. 1895ರಲ್ಲಿ ವಿಲಿಯಂ ರ್‍ಯಾಮ್ಸೆ ಯುರೇನಿಯಂ ಇರುವ ಒಂದು ಖನಿಜವನ್ನು ಆಮ್ಲದಲ್ಲಿ ಹಾಕಿದಾಗ ಬಂದ ಅನಿಲದಲ್ಲಿ ಅದೇ ಹಳದಿ ಗೆರೆ ಸಿಕ್ಕಿತು.

ಜಾನ್ಸೆನ್ ಬಗ್ಗೆ ಇನ್ನೊಂದು ಹೇಳದೆ ಇರಲಾರೆ. 1870ರ ಡಿಸೆಂಬರಿನಲ್ಲಿ ಅಲ್ಜೀರಿಯಾದಲ್ಲಿ ಗ್ರಹಣ ಇತ್ತು. ಆಗ ಪ್ಯಾರಿಸ್ಸನ್ನು ಪ್ರಷ್ಯಾದ ಸೇನೆ ಸುತ್ತುವರಿದಿತ್ತು, ಹೊರಗೆ ಹೋಗಲು ದಾರಿಯೇ ಇಲ್ಲ. ಈ ಮನುಷ್ಯ ಬಲೂನ್ ಹತ್ತಿ ಶತ್ರುಗಳ ತಲೆಯ ಮೇಲಿಂದ ಹಾರಿ ತಪ್ಪಿಸಿಕೊಂಡು ಹೋದ, ಜೀವ ಉಳಿಸಿಕೊಳ್ಳಲು ಅಲ್ಲ, ಗ್ರಹಣ ನೋಡಲು. ಅಲ್ಲಿಗೆ ಸಮಯಕ್ಕೆ ಸರಿಯಾಗಿ ತಲುಪಿದ. ಅವತ್ತು ಮೋಡ ಕವಿದು ಏನೂ ಕಾಣಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಶುಕ್ರ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದವಂತೆ, ಹೇಗೆ ಸಾಧ್ಯ? (ತುಮಕೂರಿನ ಎಂಟನೇ ತರಗತಿ ವಿದ್ಯಾರ್ಥಿ)

ಶುಕ್ರ ತನ್ನ ಸುತ್ತ ಒಂದು ಸಲ ತಿರುಗಲು ನಮ್ಮ 243 ದಿನ ಬೇಕು. ಸೂರ್ಯನನ್ನು ಒಂದು ಸುತ್ತು ಬರಲು 225 ದಿನ ಸಾಕು. ಲೆಕ್ಕ ಸರಿ. ಆದರೆ "ದಿನ" ಅಂದರೆ ನಾವು ಮಾತಿನಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯ ಅಂತ ತಾನೇ ಅಂದುಕೊಳ್ಳುವುದು? ಶುಕ್ರ ಉಲ್ಟಾ ತಿರುಗುತ್ತದೆ. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ, ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸುಮಾರು 117 ದಿನ ಮಾತ್ರ. ಈ ಅರ್ಥದಲ್ಲಿ ದಿನ ವರ್ಷಕ್ಕಿಂತ ಚಿಕ್ಕದೇ. ಮೇಷ್ಟ್ರು ಕೇಳಿದರೆ ಎರಡನ್ನೂ ಹೇಳಿ.

ಬಿದಿರು ಹೂ ಬಿಟ್ಟರೆ ಬರಗಾಲ ಬರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಇದು ಮೂಢನಂಬಿಕೆ ಅಲ್ವಾ? (ಶಿರಸಿಯ ಓದುಗರು)

ಅಜ್ಜಿಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಹೂವಿಗೂ ಮಳೆಗೂ ಸಂಬಂಧ ಇಲ್ಲ, ನಿಜ. ಹೂವಿಗೂ ಹಸಿವಿಗೂ ಇದೆ.

ಬಿದಿರು ಹುಲ್ಲಿನ ಜಾತಿ. ಅದರ ಹಲವು ಪ್ರಭೇದಗಳು ಜೀವನದಲ್ಲಿ ಒಂದೇ ಸಲ ಹೂ ಬಿಡುತ್ತವೆ, ಅದೂ ದಶಕಗಳ ನಂತರ, ಒಂದು ಪ್ರದೇಶದ ಎಲ್ಲವೂ ಒಟ್ಟಿಗೆ. ಬೀಜ ಉದುರಿಸುತ್ತವೆ, ಒಣಗಿ ಸಾಯುತ್ತವೆ. ನಮ್ಮ ಮಲೆನಾಡಿನಲ್ಲಿ ಆ ಬೀಜವನ್ನು ಬಿದಿರಕ್ಕಿ ಅಂತ ಗುಡಿಸಿ ತಂದು ಬೇಯಿಸಿ ತಿನ್ನುತ್ತಾರೆ. ಯಾಕೆ ಎಲ್ಲವೂ ಒಟ್ಟಿಗೆ? ದಿನಾ ಸ್ವಲ್ಪ ಸ್ವಲ್ಪ ಬೀಜ ಉದುರಿದರೆ ಇಲಿ, ಹಕ್ಕಿ, ಹಂದಿ ಪೂರ್ತಿ ತಿಂದು ಮುಗಿಸುತ್ತವೆ. ಕಾಡೆಲ್ಲ ಒಂದೇ ಸಲ ರಾಶಿ ಸುರಿದರೆ ಎಷ್ಟೇ ತಿಂದರೂ ಉಳಿಯುತ್ತದೆ. ಬಹಳ ವಿಜ್ಞಾನಿಗಳು ಒಪ್ಪುವ ವಿವರಣೆ ಇದು.

ತೊಂದರೆ ಶುರುವಾಗುವುದು ಇಲಿಗಳಿಂದ. ಮಿಜೋರಾಂನ ಬೆಟ್ಟಗಳಲ್ಲಿ ಮೌತಾಕ್ ಅನ್ನುವ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಊಟ ಬಿಟ್ಟಿ ಸಿಕ್ಕಿದ ಮೇಲೆ ಇಲಿ ಹೆಚ್ಚುತ್ತವೆ, ಹೆಚ್ಚುತ್ತಲೇ ಹೋಗುತ್ತವೆ. ಬೀಜ ಖಾಲಿಯಾದ ದಿನ ಅಷ್ಟೂ ಇಲಿಗಳು ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. ರಾತ್ರಿ ಕಂಡ ಪೈರು ಬೆಳಗ್ಗೆ ಇರುವುದಿಲ್ಲ. ಮಿಜೋ ಜನ ಈ ಬರಗಾಲಕ್ಕೆ ಮೌತಾಮ್ ಅಂತ ಹೆಸರಿಟ್ಟಿದ್ದಾರೆ.

1958ರ ಹೊತ್ತಿಗೆ, ಹೂ ಬಿಡುವ ಕಾಲ ಹತ್ತಿರ ಬಂತು, ಧಾನ್ಯ ಕೂಡಿಡಿ ಅಂತ ಮಿಜೋ ಜಿಲ್ಲಾ ಮಂಡಳಿ ಅಸ್ಸಾಂ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟು ಹಣ ಕೇಳಿತು. ಆಗ ಮಿಜೋ ಬೆಟ್ಟಗಳು ಅಸ್ಸಾಮಿನ ಭಾಗ. ಹಿರಿಯರಿಗೆ 1911ರ ಮೌತಾಮ್ ನೆನಪಿತ್ತು. ಆ ಕೋರಿಕೆಗೆ ಬೆಲೆ ಸಿಗಲಿಲ್ಲ. 1959ರಲ್ಲಿ ಹೂ ಬಂತು, ಇಲಿ ಬಂತು, ಹಸಿವು ಬಂತು. ಊರೂರಿಗೆ ಅಕ್ಕಿ ಹೊತ್ತು ತಲುಪಿಸಲು ಯುವಕರು ಸೇರಿ ಮಿಜೋ ರಾಷ್ಟ್ರೀಯ ಬರಗಾಲ ರಂಗ ಕಟ್ಟಿದರು. ಮುಂದಾಳು ಲಾಲ್‌ಡೆಂಗಾ. 1961ರಲ್ಲಿ ಅದರ ಹೆಸರಿನಿಂದ "ಬರಗಾಲ" ಬಿಟ್ಟುಹೋಗಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರಲ್ಲಿ ಬಂಡಾಯ, ಐಜ್ವಾಲ್ ಮೇಲೆ ನಮ್ಮದೇ ವಿಮಾನಗಳ ದಾಳಿ, ಇಪ್ಪತ್ತು ವರ್ಷ ಕಷ್ಟ. 1986ರಲ್ಲಿ ಒಪ್ಪಂದ, 1987ರಲ್ಲಿ ಮಿಜೋರಾಂ ಪೂರ್ಣ ರಾಜ್ಯ. ಎಲ್ಲದಕ್ಕೂ ಬಿದಿರೊಂದೇ ಕಾರಣ ಅಂದರೆ ತಪ್ಪಾಗುತ್ತದೆ, ಅಸಮಾಧಾನಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹಸಿದವರು ಮೊದಲೇ ಹೇಳಿದ್ದರು, ಕೇಳಿಸಿಕೊಳ್ಳಲಿಲ್ಲ ಅನ್ನುವುದು ದೊಡ್ಡ ಗಾಯ. ಬಿದಿರು ಮತ್ತೆ 2007ರ ಆಸುಪಾಸಿನಲ್ಲಿ ಹೂ ಬಿಟ್ಟಾಗ ಸರ್ಕಾರ ಮೊದಲೇ ತಯಾರಿ ಮಾಡಿತು, ಇಲಿ ಬಾಲ ತಂದವರಿಗೆ ದುಡ್ಡು ಕೊಟ್ಟಿತು. ಆಗಲೂ ಬೆಳೆ ಹೋಯಿತು.

ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ. ಸತ್ಯವಾ? (ಕುಂದಾಪುರದ ಓದುಗರು)

ಪೂರ್ತಿ ಸತ್ಯ. ಎರಡು ಹೃದಯ ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಒಂದು ಉಳಿದ ಮೈಗೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಅದರ ರಕ್ತದಲ್ಲಿ ತಾಮ್ರ. ಅದಕ್ಕೇ ನೀಲಿ. ಈಜುವಾಗ ಮೈಗೆ ರಕ್ತ ಕೊಡುವ ಹೃದಯ ನಿಂತುಹೋಗುತ್ತದೆ, ಬೇಗ ಸುಸ್ತಾಗುತ್ತದೆ. ಅದು ಈಜುವುದಕ್ಕಿಂತ ತೆವಳುವುದೇ ಜಾಸ್ತಿ.

ಮೋನಾಲಿಸಾ ಚಿತ್ರವನ್ನು ಒಬ್ಬ ಕಳ್ಳ ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದನಂತೆ? (ಧಾರವಾಡದ ಓದುಗರು)

ಕದ್ದದ್ದು ನಿಜ, ಸುರುಳಿ ಸುತ್ತಿದ್ದು ಸುಳ್ಳು. ಲಿಯೊನಾರ್ಡೊ ಅದನ್ನು ಬರೆದದ್ದು ಬಟ್ಟೆಯ ಮೇಲಲ್ಲ, ಪಾಪ್ಲರ್ ಮರದ ಹಲಗೆಯ ಮೇಲೆ. 77 ಸೆಂಟಿಮೀಟರ್ ಎತ್ತರ, 53 ಅಗಲ. ಮಡಚಲೂ ಆಗದು, ಸುತ್ತಲೂ ಆಗದು. 1911ರ ಆಗಸ್ಟ್ 21, ಸೋಮವಾರ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ರಜೆ. ಅಲ್ಲಿ ಹಿಂದೆ ಗಾಜಿನ ಕೆಲಸ ಮಾಡಿದ್ದ ಇಟಲಿಯ ವಿನ್ಚೆಂಜೊ ಪೆರುಜಿಯಾ ಅದನ್ನು ಗೋಡೆಯಿಂದ ಇಳಿಸಿ ಹೊರಗೆ ಸಾಗಿಸಿದ. ಕಳವಾಗಿದೆ ಅಂತ ಗೊತ್ತಾದದ್ದು ಮರುದಿನ. ಪೊಲೀಸರು ಪಿಕಾಸೊನನ್ನೂ ಕರೆದು ವಿಚಾರಿಸಿದರು. ಖಾಲಿ ಗೋಡೆ ನೋಡಲು ಜನ ಸಾಲುಗಟ್ಟಿ ಬಂದರು. ಎರಡು ವರ್ಷ ಕಳೆದು, 1913ರ ಡಿಸೆಂಬರಿನಲ್ಲಿ ಫ್ಲಾರೆನ್ಸಿನ ಕಲಾವ್ಯಾಪಾರಿಯೊಬ್ಬನಿಗೆ ಕೊಡಲು ಹೋದಾಗ ಅವನು ಸಿಕ್ಕಿಬಿದ್ದ.

ಗೋಲ್ ಗುಂಬಜ್‌ನಲ್ಲಿ ಮಾತು ಏಳು ಸಲ ಕೇಳುವುದಕ್ಕೂ, ಆ ಕಡೆ ಪಿಸುಗುಟ್ಟಿದ್ದು ಈ ಕಡೆ ಕೇಳುವುದಕ್ಕೂ ಕಾರಣ ಒಂದೇನಾ? (ಪುಣೆಯಲ್ಲಿರುವ ಕನ್ನಡ ಓದುಗರು)

ಎರಡೂ ಬೇರೆ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ನೀವು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಓಡಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು. ನಮ್ಮ ಕಿವಿ ಬೇರೆ ಸದ್ದು ಅಂತ ಗುರುತಿಸಲು ಅಷ್ಟು ಸಾಕು. ಹೀಗೆ ಮತ್ತೆ ಮತ್ತೆ ಬಡಿದು ಬರುವುದು ಪ್ರತಿಧ್ವನಿ.

ಪಿಸುಮಾತು ಹಾಗೆ ನೆಟ್ಟಗೆ ಹೋಗುವುದಿಲ್ಲ. ದುಂಡು ಗೋಡೆಗೆ ಅಂಟಿಕೊಂಡ ಹಾಗೆ ಸುತ್ತು ಬರುತ್ತದೆ, ಅದಕ್ಕೇ ಚದುರದೆ ಉಳಿಯುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲೂ ಹೀಗೇ, ಅಲ್ಲಿನದಕ್ಕೆ ಈ ವಿವರಣೆ ಕೊಟ್ಟವರು ಲಾರ್ಡ್ ರೇಲೆ. 1921ರಲ್ಲಿ ಸಿ.ವಿ. ರಾಮನ್ ಅಲ್ಲಿ ಹೋಗಿ ಪರೀಕ್ಷಿಸಿದರು, ಆಮೇಲೆ ಭಾರತದ ಇಂಥ ಗುಮ್ಮಟಗಳ ಬಗ್ಗೆಯೂ ಬರೆದರು, ಅದರಲ್ಲಿ ನಮ್ಮ ಗೋಲ್ ಗುಂಬಜ್ ಕೂಡ ಇದೆ. ಮುಂದಿನ ಸಲ ವಿಜಯಪುರಕ್ಕೆ ಬಂದರೆ ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಮೇಲೆ ಹತ್ತಿ. ಜನ ತುಂಬಿದ ಮೇಲೆ ಕೂಗು ಬಿಟ್ಟು ಬೇರೇನೂ ಕೇಳುವುದಿಲ್ಲ. ಮುಖವನ್ನು ಗೋಡೆಯ ಹತ್ತಿರ ತಂದು, ಗೋಡೆಯ ಉದ್ದಕ್ಕೂ ಮಾತು ಹೋಗುವ ಹಾಗೆ ಪಿಸುಗುಟ್ಟಿ. ಎದುರು ಬದಿಯಲ್ಲಿ ಕಿವಿ ಇಟ್ಟು ನಿಲ್ಲಲು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.