ಬೋರ್‌ವೆಲ್ ಮೋಟಾರಿನ ಕೇಬಲ್ ಜಾಯಿಂಟ್ ಸುಡುತ್ತಿದ್ದರೆ

ಕೇಬಲ್ಲಿನ ಎರಡು ತುದಿ ಪಕ್ಕಪಕ್ಕ ಹಿಡಿದು ತಿರುಚಿ ಟೇಪ್ ಸುತ್ತಿದ್ದೀರಿ, ಆದರೂ ಜಾಯಿಂಟ್ ಮತ್ತೆ ಮತ್ತೆ ಸುಡುತ್ತಿದೆ ಅಂದಿರಲ್ವಾ? ಹಾಗೆ ತಿರುಚಿದ್ದು ಎಳೆತಕ್ಕೆ ಸಡಿಲ ಆಗುತ್ತದೆ, ಸಡಿಲ ಆದ ಕಡೆ ಬಿಸಿ ಏರುತ್ತದೆ.

ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಿ. ಎಳೆ ತುಂಡಾಗದ ಹಾಗೆ ಸುಮಾರು 2 ಇಂಚು ಸಿಪ್ಪೆ ಬಿಡಿಸಿ. ತಾಮ್ರ ಕಪ್ಪಾಗಿದ್ದರೆ ಹೊಳಪು ಬರುವವರೆಗೆ ಉಜ್ಜಿ. ಈಗ ಎರಡೂ ತುದಿಯ ಎಳೆಗಳನ್ನು ಛತ್ರಿ ಕಡ್ಡಿ ಥರ ಬಿಡಿಸಿ, ಎದುರುಬದುರು ಒಂದರೊಳಗೊಂದು ತೂರಿಸಿ, ಎಡಗಡೆಯವನ್ನು ಬಲಗಡೆ ತಂತಿಯ ಮೇಲೆ, ಬಲಗಡೆಯವನ್ನು ಎಡಗಡೆ ತಂತಿಯ ಮೇಲೆ ಬಿಗಿಯಾಗಿ ಸುತ್ತಿ ಪ್ಲೈಯರ್‌ನಿಂದ ಒತ್ತಿ. ಎಳೆದು ನೋಡಿ, ಅಲ್ಲಾಡಬಾರದು. ಬೆಸುಗೆ ಹಾಕಿದರೆ ಇನ್ನೂ ಒಳ್ಳೆಯದು.

ಕೇಬಲ್ಲಿನ ಮೂರು ತಂತಿಯ ಮೂರೂ ಜಾಯಿಂಟ್ ಒಂದೇ ಜಾಗದಲ್ಲಿ ಬೇಡ, ಮೇಲೆ ಕೆಳಗೆ ಮಾಡಿ. ಬರೀ ಪಿವಿಸಿ ಟೇಪ್ ನೀರೊಳಗೆ ನಿಲ್ಲಲ್ಲ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್ ಹಾಕಿ. ಇಳಿಸುವ ಮುಂಚೆ ಜಾಯಿಂಟನ್ನು ಬಕೆಟ್ ನೀರಲ್ಲಿ ಮುಳುಗಿಸಿ ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಕರೆಂಟ್ ಹೊರಗೆ ಸೋರುತ್ತದೆಯೇ ಎಂದು ನೋಡುವ ಮೀಟರ್) ಇಡಿಸಿ, ಇದನ್ನು ದಯವಿಟ್ಟು ಬಿಡಬೇಡಿ.